ಗಡಿಯಾರವಿಲ್ಲದ ಕೋಣೆಯ ಸಾಕ್ಷಿ

"ವಾಚು ಬಿಚ್ಚಿ ಮೇಡಂ."

"ಬಿಚ್ಚಿದೆ."

"ಫೋನು?"

"ಅದನ್ನೂ ಕೊಟ್ಟಾಯ್ತಲ್ಲಪ್ಪ. ಇನ್ನು ಉಳಿದಿರೋದು ಹಲ್ಲು ಸೆಟ್ಟು. ಬೇಕಾ?"

ಕಿರಿಯ ಡಾಕ್ಟರಿಗೆ ನಗು ಬರಲಿಲ್ಲ. ದೊಡ್ಡಮ್ಮನ ವಾಚು, ಫೋನು ಎರಡನ್ನೂ ಸ್ಟೀಲಿನ ಡಬ್ಬಿಗೆ ಹಾಕಿ ಹೊರಗಿದ್ದ ಪುಟ್ಟಿಯ ಕೈಗೆ ದಾಟಿಸಿದ. ಹೊರಬಾಗಿಲು ಮುಚ್ಚಿಕೊಂಡಿತು. ಮುಂದಿನ ಬಾಗಿಲು ಇನ್ನೂ ತೆರೆದಿರಲಿಲ್ಲ.

ಎರಡು ಬಾಗಿಲುಗಳ ನಡುವಿನ ಆ ಜಾಗ ಬಟ್ಟೆಯ ಬೀರುವಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೆ. ದೊಡ್ಡಮ್ಮನ ಗಾತ್ರಕ್ಕೂ ಡಾಕ್ಟರ ಎತ್ತರಕ್ಕೂ ಅಲ್ಲಿ ಹೊಂದಾಣಿಕೆ ಕಷ್ಟವಾಗಿತ್ತು. ಒಂದು ಬಾಗಿಲು ಪೂರ್ತಿ ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ. ಹೊರಗಿನ ಬೆಳಕಿನ ಒಂದು ಎಳೆಯೂ ಒಳಗೆ ಹೋಗಬಾರದು.

"ಒಳಗಿಂದ ತೆಗೆಯೋಕೆ ಆಗಲ್ವಾ?"

"ಆಗಲ್ಲ. ಬೆಂಕಿ ಗಿಂಕಿ ಬಿದ್ದರೆ ತಾನೇ ತೆಗೆದುಕೊಳ್ಳುತ್ತೆ. ಇಲ್ಲದಿದ್ದರೆ ಬೆಲ್ ಒತ್ತಬೇಕು, ಹೊರಗೆ ಕೂತಿರೋರು ತೆಗೀಬೇಕು."

"ಹೊರಗೆ ಕೂತಿರೋದು ನಮ್ಮ ಪುಟ್ಟಿ ತಾನೆ? ಹಾಗಾದ್ರೆ ಚಿಂತೆ ಇಲ್ಲ ಬಿಡಿ."

ಮೊನ್ನೆ ಸಂಜೆ ಈ ಸಂಸ್ಥೆಯ ಹಿರಿಯ ಡಾಕ್ಟರು ಇದೇ ಮಹಡಿಯ ಶೀತಲ ಕೋಣೆಯಲ್ಲಿ, ಹೊರಗಿನಿಂದ ಚಿಲಕ ಬಿದ್ದು, ಮರಗಟ್ಟಿ ಸತ್ತಿದ್ದರು. ಇವತ್ತು ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಪೊಲೀಸರು ನರ್ಸ್ ಪುಟ್ಟಿಯನ್ನು ಕರೆದೊಯ್ಯುವವರಿದ್ದರು.

ಆ ಪುಟ್ಟಿ ದೊಡ್ಡಮ್ಮನಿಗೆ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಮಗುವಿಗೆ ಹಾಲುಹಲ್ಲು ಬೀಳುವ ವಯಸ್ಸು. ಅಂದಿನಿಂದ ಜಡೆ ಹೆಣೆದದ್ದು, ನರ್ಸಿಂಗ್ ಓದಿಸಿದ್ದು, ಬೈದದ್ದು, ಮುದ್ದಿಸಿದ್ದು ಎಲ್ಲ ದೊಡ್ಡಮ್ಮನೇ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅವರನ್ನು ಕಾನ್‌ಸ್ಟೇಬಲ್‌ಗಳೂ ಕಳ್ಳರೂ ಒಂದೇ ಬಾಯಲ್ಲಿ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೇ.

ಒಳಬಾಗಿಲು ತೆರೆಯಿತು.

ಕಿಟಕಿ ಇಲ್ಲ, ಗಡಿಯಾರ ಇಲ್ಲ, ಕ್ಯಾಲೆಂಡರ್ ಇಲ್ಲ. ಚಾವಣಿಯಲ್ಲಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದ ಮಬ್ಬು ಬೆಳಕು. ಮುಂಜಾನೆ ಅಂದರೆ ಮುಂಜಾನೆ, ಮುಸ್ಸಂಜೆ ಅಂದರೆ ಮುಸ್ಸಂಜೆ. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಹತ್ತಾರು ಪುಸ್ತಕ. ಮಂಚದ ಪಕ್ಕದ ಗೋಡೆಯಲ್ಲಿ ಬೆರಳು ತೂರುವಷ್ಟು ತೂತು. ಸೂಜಿ ಚುಚ್ಚಿದ ದಿನ ತೋಳಿನಿಂದ ಹೊರಡುವ ಸಣ್ಣ ನಳಿಕೆ ಆ ತೂತಿನೊಳಗೆ ಹೋಗಿ, ಆಚೆ ಕೋಣೆಯ ಯಂತ್ರಕ್ಕೆ ಆಗಾಗ ರಕ್ತ ಮುಟ್ಟಿಸುತ್ತಿತ್ತು. ಒಳಗಿರುವವರನ್ನು ಎಬ್ಬಿಸುವ ಗೋಜಿಲ್ಲ.

ಮಂಚದ ಮೇಲೆ ಕೂತಿದ್ದವರು ನಿವೃತ್ತ ಲೆಕ್ಕದ ಮೇಷ್ಟ್ರು. ಮನುಷ್ಯನ ಮೈಯೊಳಗಿನ ಗಡಿಯಾರ ಹೇಗೆ ಓಡುತ್ತದೆ ಎಂದು ತಿಳಿಯಲು ತಮ್ಮ ಮೈಯನ್ನು ತಾವೇ ಒಪ್ಪಿಸಿ ಒಳಗೆ ಬಂದು ಅವರಿಗೆ ಇದು ಎರಡನೇ ವಾರ. ಹಿರಿಯ ಡಾಕ್ಟರು ಸತ್ತ ಮೇಲೆ ಹೊರಗೆ ಬನ್ನಿ ಎಂದರೂ ಬಂದಿರಲಿಲ್ಲ. ಒಪ್ಪಿಕೊಂಡ ಕೆಲಸ ಪೂರ್ತಿ ಮಾಡಿಯೇ ಬರುತ್ತೇನೆ ಎಂದು ಹಟ ಹಿಡಿದಿದ್ದರು. ಎಂಥ ಶಿಸ್ತಿನ ಮನುಷ್ಯ ಎಂದು ದೊಡ್ಡಮ್ಮ ಆಗ ಮೆಚ್ಚಿಕೊಂಡಿದ್ದರು.

"ನಮಸ್ಕಾರ" ಎಂದರು ಮೇಷ್ಟ್ರು.

"ನಮಸ್ಕಾರ. ಊ..." ಎಂದು ಶುರು ಮಾಡಿದ ದೊಡ್ಡಮ್ಮ ಗಕ್ಕನೆ ನಿಂತರು. ಕಿರಿಯ ಡಾಕ್ಟರ್ ಕಣ್ಣು ಕೆಂಪಗೆ ಮಾಡಿದ್ದ.

ಈ ಕೋಣೆಯ ದೊಡ್ಡ ಕಟ್ಟಳೆಯೇ ಅದು. ತಿಂಡಿ ಆಯ್ತಾ, ಊಟ ಆಯ್ತಾ, ಕಾಫಿ ಕುಡಿದ್ರಾ ಎಂದು ಯಾರೂ ಕೇಳಬಾರದು. ಕೇಳಿದರೆ ಹೊತ್ತು ಎಷ್ಟು ಎಂದು ಹೇಳಿದಂತೆಯೇ. ಒಳಗೆ ಕೊಡುವ ಆಹಾರವೂ ಸದಾ ಒಂದೇ ತರಹದ ಪೊಟ್ಟಣ. ಆಕಳಿಸಬಾರದು, ಕಣ್ಣುಜ್ಜಬಾರದು. ಗಂಡಸರು ಯಾವ ಹೊತ್ತಿನಲ್ಲಿ ಒಳಹೋದರೂ ಗಡ್ಡ ಹೆರೆದುಕೊಂಡೇ ಹೋಗಬೇಕು. ನಮ್ಮವರು ಮಾತು ಶುರು ಮಾಡುವುದೇ ಊಟ ತಿಂಡಿಯಿಂದ. ಅದನ್ನು ಬಾಯಿಂದ ಕಿತ್ತುಹಾಕಲು ಇಲ್ಲಿನ ನರ್ಸುಗಳಿಗೆ ಎರಡು ತಿಂಗಳ ತರಬೇತಿ ಬೇಕಾಗುತ್ತಿತ್ತು.

"ಮೇಷ್ಟ್ರೇ, ಮೊನ್ನೆ ಸೂಜಿ ಚುಚ್ಚಿದಾಗ ಏನಾಯ್ತು, ಇವರ ಎದುರಿಗೇ ಇನ್ನೊಂದು ಸಲ ಹೇಳಿ" ಎಂದರು ದೊಡ್ಡಮ್ಮ. ಎದುರುಬದುರು ಕೂರಿಸಿ ಕೇಳುವುದು ಅವರ ಹಳೆಯ ಪದ್ಧತಿ.

"ಹೇಳೋದೇನಿದೆ ತಾಯಿ. ಪುಟ್ಟಿ ಬಂದಳು, ಸೂಜಿ ಚುಚ್ಚಿದಳು. ಚುಚ್ಚುವಾಗ ಬಾಯಿ ತಪ್ಪಿ 'ಊಟ ಆಯ್ತಾ ಮೇಷ್ಟ್ರೇ' ಅಂದುಬಿಟ್ಟಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. ಬೆಳಿಗ್ಗೆ ಆಗಿದ್ದರೆ ತಿಂಡಿ ಅಂತಿದ್ದಳು. ಅದಕ್ಕೇ ಅದು ಸಂಜೆ ದಾಟಿದ ಹೊತ್ತು ಅಂತ ನನಗೆ ಗೊತ್ತಾಯ್ತು."

ದೊಡ್ಡಮ್ಮ ಕಿರಿಯ ಡಾಕ್ಟರ ಕಡೆ ತಿರುಗಿ, ಕೇಳಿಸಿತಾ ಎಂಬಂತೆ ಹುಬ್ಬು ಹಾರಿಸಿದರು.

ಆವತ್ತು ಸೂಜಿಯ ಸರದಿ ಸಂಜೆಯದು, ಹಿರಿಯರ ಮೇಲೆ ಚಿಲಕ ಬಿದ್ದಾಗ ತಾನು ಇಲ್ಲೇ ಇದ್ದೆ ಎನ್ನುತ್ತಿದ್ದ ಪುಟ್ಟಿ ಹೇಳಿದ್ದೂ ಅದೇ. 'ಬಾಯಿ ತಪ್ಪಿ ಊಟ ಆಯ್ತಾ ಮೇಷ್ಟ್ರೇ ಅಂದುಬಿಟ್ಟೆ, ತಕ್ಷಣ ನಾಲಿಗೆ ಕಚ್ಚಿಕೊಂಡೆ.' ಅಕ್ಷರ ಅಕ್ಷರ ಅದೇ. ನಿಜ ಹೇಳುವ ಇಬ್ಬರು ಒಂದೇ ಮಾತಿನಲ್ಲಿ ಹೇಳುವುದಿಲ್ಲ, ಒಬ್ಬರು ಉಪ್ಪು ಹೆಚ್ಚು ಹಾಕುತ್ತಾರೆ, ಒಬ್ಬರು ಕಡಿಮೆ ಎಂದು ಹೊಸ ಪೊಲೀಸರಿಗೆ ಪಾಠ ಹೇಳಿದ್ದ ದೊಡ್ಡಮ್ಮನಿಗೆ ಇವತ್ತು ಅದು ತಟ್ಟಲಿಲ್ಲ. ತಮ್ಮ ಮಗುವಿನ ವಿಷಯಕ್ಕೆ ಬಂದರೆ ಎಂಥ ಜಾಣರಿಗೂ ಮಂಪರು ಕವಿಯುತ್ತದೆ.

"ಈಗ ನಿಮ್ಮ ಸರದಿ, ಡಾಕ್ಟ್ರೇ" ಎಂದು ಅವರು ಕುರ್ಚಿ ಎಳೆದುಕೊಂಡರು. "ಸೂಜಿ ಬೆಳಿಗ್ಗೇನೇ ಆಗಿಹೋಗಿತ್ತು, ಸಂಜೆ ಪುಟ್ಟಿ ಕೈ ಖಾಲಿ ಇತ್ತು ಅಂತ ಪೊಲೀಸರ ಕಿವಿ ಊದಿದ್ದು ನೀವು ತಾನೆ?"

"ಊದಿದ್ದಲ್ಲ ಮೇಡಂ. ಕಂಡದ್ದು ಹೇಳಿದೆ. ಮಧ್ಯಾಹ್ನ ಕಸದ ಡಬ್ಬೀಲಿ ಬಳಸಿದ ಸಿರಿಂಜ್ ಬಿದ್ದಿತ್ತು. ಹಳದಿ ಮುಚ್ಚಳದ್ದು. ಅದು ಬೆಳವಣಿಗೆಯ ಹಾರ್ಮೋನಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಸಲ್ಲ."

"ಅಷ್ಟು ಮುಖ್ಯವಾದದ್ದನ್ನ ಎತ್ತಿಡಲಿಲ್ಲ ಯಾಕೆ?"

"ಕಸ ಯಾರು ಎತ್ತಿಡ್ತಾರೆ? ಆಗಿನ್ನೂ ಯಾರೂ ಸತ್ತಿರಲಿಲ್ಲವಲ್ಲ!"

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ದೊಡ್ಡಮ್ಮನಿಗೆ ಇನ್ನೂ ಸಿಟ್ಟು ಬಂತು.

"ಸಂಜೆ ಎಲ್ಲರ ಜೊತೆ ಮನೆಗೆ ಹೋದವರು ಮತ್ತೆ ಯಾಕೆ ಬಂದ್ರಿ? ಕಾವಲುಗಾರ ನೋಡಿದ್ದಾನೆ."

"ಚಾರ್ಜರ್ ಮರೆತಿದ್ದೆ."

"ಹಿರಿಯರ ಕುರ್ಚಿ ಈಗ ಯಾರ ಪಾಲು?"

"ಮೇಡಂ..."

"ಶೀತಲ ಕೋಣೆಯ ಒಳಗಿನ ಹಿಡಿ ಕೆಟ್ಟಿದೆ, ಒಳಗಿಂದ ತೆಗೆಯೋಕೆ ಬರಲ್ಲ ಅಂತ ನಿಮಗೆ ಗೊತ್ತಿತ್ತೋ ಇಲ್ಲವೋ?"

"ಎಲ್ಲರಿಗೂ ಗೊತ್ತಿತ್ತು!" ಕಿರಿಯ ಡಾಕ್ಟರ ದನಿ ಏರಿತು. "ನನಗೆ, ಪುಟ್ಟಿಗೆ, ಕಸ ಗುಡಿಸೋರಿಗೆ. ರಿಪೇರಿ ಮಾಡಿಸಿ ಅಂತ ಹೇಳಿ ಹೇಳಿ ಸಾಕಾಗಿತ್ತು. ನೀವು ನನ್ನ ಮೇಲೆ ಎಷ್ಟು ಬೇಕಾದ್ರೂ ಹರಿಹಾಯಿರಿ. ರಕ್ತ ಪರೀಕ್ಷೆ ಬರಲಿ, ಆಮೇಲೆ ಮಾತಾಡೋಣ ಅಂತ ನೀವೇ ಒಪ್ಪಿದ್ದಿರಿ."

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಮಡಿಚಿ ಪಕ್ಕಕ್ಕಿಟ್ಟರು.

"ಯಾರ ರಕ್ತ?"

"ನಿಮ್ಮದೇ" ಎಂದರು ದೊಡ್ಡಮ್ಮ. "ಹೆದರಬೇಡಿ, ಹೊಸದಾಗಿ ತೆಗೆಯಲ್ಲ. ಮೊನ್ನೆ ಸೂಜಿ ಆದಮೇಲೆ ನಳಿಕೇಲಿ ಬಂದಿದ್ದು ಆಚೆ ಕೋಣೇಲಿ ಪೊಲೀಸರ ಬೀಗದ ಒಳಗಿತ್ತು. ಚಷ್ಮಾ ಅದನ್ನೇ ಈಗ ನೋಡ್ತಿದ್ದಾಳೆ."

ಚಷ್ಮಾ ಎಂದರೆ ಇಲ್ಲಿ ರಕ್ತ ಪರೀಕ್ಷೆ ಮಾಡುವಾಕೆ. ದಪ್ಪ ಗಾಜಿನ ಕನ್ನಡಕದಿಂದ ಆ ಹೆಸರು ಬಂದಿತ್ತು.

"ನನ್ನ ರಕ್ತದಲ್ಲಿ ಏನು ಸಿಗುತ್ತೆ?"

"ಹೊತ್ತು ಸಿಗುತ್ತಂತೆ. ನೀವೇ ಹೇಳಿ ಡಾಕ್ಟ್ರೇ, ನಾನು ಹೇಳಿದರೆ ಅಡುಗೆ ಕೆಡುತ್ತೆ."

ಕಿರಿಯ ಡಾಕ್ಟರ್ ನಿಟ್ಟುಸಿರು ಬಿಟ್ಟ. ಪಾಠ ಹೇಳುವಾಗ ಮಾತ್ರ ಅವನ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

"ಬೆಳವಣಿಗೆಯ ಹಾರ್ಮೋನನ್ನ ನಮ್ಮ ಮೈ ತಾನಾಗಿ ಹೆಚ್ಚು ಬಿಡೋದು ಮೊದಲ ಗಾಢ ನಿದ್ದೇಲಿ. ಹೆಸರು ಬೆಳವಣಿಗೆ ಅಂತ ಇದ್ದರೂ ದೊಡ್ಡವರಿಗೂ ಅದು ಬೇಕು. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನ ಕರಗಿಸಿ ರಕ್ತಕ್ಕೆ ಬಿಡೋದು ಅದರ ಒಂದು ಕೆಲಸ. ನಾವು ಅದನ್ನೇ ಹೊರಗಿಂದ ಚುಚ್ಚಿ ನೋಡ್ತಿದ್ವಿ. ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ. ಅದೇ ಔಷಧಿ, ಅದೇ ಅಳತೆ. ಮೇಷ್ಟ್ರ ಮೈ ಮಾತ್ರ ಎರಡಕ್ಕೂ ಒಂದೇ ಥರ ಓಗೊಡಲಿಲ್ಲ. ಸಂಜೆ ಚುಚ್ಚಿದ ದಿನಗಳಲ್ಲಿ ರಕ್ತದಲ್ಲಿ ಕೊಬ್ಬಿನ ಅಂಶ ಸರ್ರಂತ ಏರಿದೆ. ಬೆಳಿಗ್ಗೆ ಚುಚ್ಚಿದ ದಿನಗಳಲ್ಲಿ ಸ್ವಲ್ಪ ಎದ್ದು, ಸುಸ್ತಾದವರ ಹಾಗೆ ಕೂತುಬಿಟ್ಟಿದೆ. ಪ್ರತಿ ಸಲವೂ."

"ಆದರೆ ಎಲ್ಲರ ಮೈಯೂ..."

"ಎಲ್ಲರದ್ದು ಬೇಡ ಮೇಷ್ಟ್ರೇ. ನಿಮ್ಮ ಮೈಯನ್ನ ನಿಮ್ಮ ಮೈಗೇ ಹೋಲಿಸ್ತೀವಿ."

"ಗಡಿಯಾರ ಇಲ್ಲದೆ ಕೂತವರ ಮೈಯಲ್ಲಿ ಹೊತ್ತು ಏರುಪೇರಾಗಲ್ವಾ?" ಎಂದು ಕೇಳಿದವರು ದೊಡ್ಡಮ್ಮ. ಇನ್ಸ್‌ಪೆಕ್ಟರ್ ಸಂಜೆ ಬಂದು ಇದನ್ನೇ ಕೇಳುತ್ತಾನೆಂದು ಅವರಿಗೆ ಗೊತ್ತಿತ್ತು.

"ದಿನಾ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತೆ. ಎರಡನೇ ವಾರದಲ್ಲಿ ಬೆಳಿಗ್ಗೆ ಸಂಜೆ ಆಗಿಬಿಡುವಷ್ಟಲ್ಲ."

"ತಪ್ಪಾಗೋ ಸಾಧ್ಯತೆ ಇಲ್ವಾ?" ಎಂದರು ಮೇಷ್ಟ್ರು. ದನಿ ಸ್ವಲ್ಪ ಒಣಗಿತ್ತು. ಪುಟ್ಟಿಯ ಮೇಲಿನ ಮಮತೆಗೆ ಹೀಗೆ ಕೇಳುತ್ತಿದ್ದಾರೆ ಎಂದುಕೊಂಡು ದೊಡ್ಡಮ್ಮನಿಗೆ ಅವರ ಮೇಲೆ ಪ್ರೀತಿ ಉಕ್ಕಿತು.

"ತಪ್ಪಾಗಲ್ಲ ಮೇಷ್ಟ್ರೇ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳಲ್ಲ. ನಮ್ಮ ಪುಟ್ಟಿಗೂ ಆಗಲೇ ಇದನ್ನೇ ಹೇಳಿ ಧೈರ್ಯ ತುಂಬಿದೀನಿ."

ಹೇಳಿದ್ದೇನೋ ನಿಜ. ಕೇಳಿದ ಪುಟ್ಟಿ ಮಾತಾಡದೆ ಎದ್ದುಹೋಗಿ ಬಹಳ ಹೊತ್ತು ಕೈ ತೊಳೆದಿದ್ದಳು. ಪಾಪ, ರಾತ್ರಿಯೆಲ್ಲ ನಿದ್ದೆಯಿಲ್ಲ, ಮಂಕು ಹಿಡಿದಿದೆ ಎಂದು ದೊಡ್ಡಮ್ಮ ತಾವೇ ಒಂದು ಕಾರಣ ಹುಡುಕಿಕೊಂಡಿದ್ದರು.

ಮೂವರೂ ಕಾದರು. ವಾಚಿಲ್ಲದ ಮಣಿಕಟ್ಟನ್ನು ದೊಡ್ಡಮ್ಮ ಎರಡು ಸಲ ನೋಡಿಕೊಂಡರು. ಒಳಗೆ ಬಂದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಈಗ ಎಷ್ಟಾಗಿರಬಹುದು? ಅರ್ಧ ಗಂಟೆಯೋ, ಎರಡು ಗಂಟೆಯೋ? ಈ ಮಬ್ಬು ಬೆಳಕಿನಲ್ಲಿ ಹೊತ್ತು ಹೋಗುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಇನ್ಸ್‌ಪೆಕ್ಟರ್ ಕೊಟ್ಟ ಗಡುವು ಮಾತ್ರ ಹೊರಗೆ ಎಲ್ಲೋ ಕರಗುತ್ತಿತ್ತು. ಅವರು ಸೀರೆಯ ಸೆರಗು ಸಡಿಲಿಸಿಕೊಂಡರು.

ಗೋಡೆಯ ಸ್ಪೀಕರ್ ಗರಗರ ಎಂದಿತು.

"ಡಾಕ್ಟ್ರೇ, ನಾನು" ಎಂದಳು ಚಷ್ಮಾ. "ಮುಗೀತು. ಎರಡು ಸಲ ಮಾಡಿದೆ."

"ಹೇಳಮ್ಮ" ಎಂದು ದೊಡ್ಡಮ್ಮನೇ ಎದ್ದು ನಿಂತರು. "ಸಂಜೇದು ತಾನೆ?"

ಆಚೆ ಹಾಳೆ ಮಗುಚಿದ ಸದ್ದು.

"ಅಲ್ಲ ಮೇಡಂ. ಬೆಳಗಿಂದು. ಸ್ವಲ್ಪ ಎದ್ದಿದೆ, ಆಮೇಲೆ ಕೂತಿದೆ. ಹಿಂದಿನ ಬೆಳಗಿನ ದಿನಗಳ ಮೇಲೆ ಇಟ್ಟು ನೋಡಿದೆ, ಒಂದರ ಮೇಲೊಂದು ಕೂರುತ್ತೆ."

"ಇನ್ನೊಂದು ಸಲ ನೋಡು."

"ಎರಡು ಸಲ ನೋಡಿದೆ ಮೇಡಂ. ಕ್ಷಮಿಸಿ."

ಸ್ಪೀಕರ್ ಸುಮ್ಮನಾಯಿತು. ದೊಡ್ಡಮ್ಮ ಮೇಜಿನ ಅಂಚು ಹಿಡಿದುಕೊಂಡರು.

ಕಿರಿಯ ಡಾಕ್ಟರ್ 'ನಾನು ಹೇಳಲಿಲ್ಲವೇ' ಎನ್ನಲಿಲ್ಲ. ಅನ್ನಬಹುದಿತ್ತು. ಅವನು ತಲೆ ತಗ್ಗಿಸಿ ತನ್ನ ಬೂಟಿನ ತುದಿ ನೋಡುತ್ತಿದ್ದ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಸೂಜಿ ಬೆಳಿಗ್ಗೆಯೇ ಆಗಿಹೋಗಿತ್ತು. ಅಂದರೆ ಸಂಜೆ ಪುಟ್ಟಿ ಈ ಕೋಣೆಯಲ್ಲಿ ಇರಲಿಲ್ಲ. ಅಂದರೆ ಪುಟ್ಟಿ ಪೊಲೀಸರಿಗೆ ಸುಳ್ಳು ಹೇಳಿದ್ದಾಳೆ. ಪೊಲೀಸರಿಗಾದರೆ ಹಾಳಾಗಿ ಹೋಗಲಿ. ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ದೊಡ್ಡಮ್ಮನಿಗೇ ಸುಳ್ಳು ಹೇಳಿದ್ದಾಳೆ.

ಅವರು ಬಾಗಿಲ ಬಳಿ ಹೋಗಿ ಬೆಲ್ ಒತ್ತಿದರು.

ಬಾಗಿಲು ಅಲುಗಲಿಲ್ಲ.

ಮತ್ತೆ ಒತ್ತಿದರು. ಒಳಗೆ ಸದ್ದಿಲ್ಲ. ಹೊರಗೆ ಬಡಿದುಕೊಳ್ಳುತ್ತಿತ್ತೋ ಏನೋ, ಈ ಗೋಡೆಗಳು ಯಾವ ಸದ್ದನ್ನೂ ದಾಟಿಸುವುದಿಲ್ಲ.

"ಪುಟ್ಟಿ, ಬಾಗಿಲು ತೆಗಿ."

ಅವರು ಕಿರಿಯ ಡಾಕ್ಟರ ಕಡೆ ತಿರುಗಿದರು.

"ಸ್ಪೀಕರ್ ಅವಳ ಮೇಜಿಗೂ ಇದೆಯಾ?"

"ಇದೆ" ಎಂದ ಕಿರಿಯ ಡಾಕ್ಟರ್. "ಚಷ್ಮಾ ಹೇಳಿದ್ದು ಅವಳಿಗೂ ಕೇಳಿಸಿರುತ್ತೆ. ನಾವು ಮಾತಾಡೋದೂ ಕೇಳಿಸುತ್ತೆ." ಅವನ ಮುಖ ಬೆಳ್ಳಗಾಗಿತ್ತು. "ಮೇಡಂ, ಅವಳು ತೆಗೀತಾಳಲ್ವಾ? ನನಗೆ ಮನೇಲಿ ಎರಡು ತಿಂಗಳ ಕೂಸಿದೆ."

"ಸುಮ್ನಿರಪ್ಪ. ಇದೇನು ಹುಲಿ ಬೋನಾ?"

ಹಾಗೆಂದರೂ ಅವರಿಗೇ ಉಸಿರು ಸಾಲುತ್ತಿರಲಿಲ್ಲ. ಎಷ್ಟೋ ಜನರನ್ನು ಲಾಕಪ್ಪಿನ ಒಳಗೆ ತಳ್ಳಿ ಬೀಗ ಹಾಕಿದ ಕೈ ಇವರದು. ಬೀಗದ ಈಚೆ ಕಡೆ ನಿಂತು ನೋಡಿರಲಿಲ್ಲ. ತಲೆಗೆ ಏನಾದರೂ ಕೆಲಸ ಕೊಡದಿದ್ದರೆ ಕಿರುಚಿಬಿಡುತ್ತೇನೆ ಎನಿಸಿ, ಅವರು ಕೋಣೆಯನ್ನು ಮತ್ತೆ ಮೊದಲಿನಿಂದ ನೋಡತೊಡಗಿದರು. ಈ ಸಲ ದೊಡ್ಡಮ್ಮನಾಗಿ ಅಲ್ಲ, ಹಳೆಯ ಪೊಲೀಸಾಗಿ.

ಒಂದೇ ಮಾತಿನ ಎರಡು ಸಾಕ್ಷಿ. ಅದು ಈಗ ತಟ್ಟಿತು. ಬೆಳಿಗ್ಗೆ ಚುಚ್ಚಿದ ಸೂಜಿಗೆ 'ಊಟ ಆಯ್ತಾ' ಎಂದು ಯಾಕೆ ಕೇಳುತ್ತಾಳೆ? ಕೇಳಿಯೇ ಇಲ್ಲ. ಇಬ್ಬರೂ ಕೂತು ಹೊಂದಿಸಿಕೊಂಡಿದ್ದಾರೆ. ಪುಟ್ಟಿಗೆ ಸುಳ್ಳು ಬೇಕಿತ್ತು, ಸರಿ. ಮೇಷ್ಟ್ರಿಗೆ ಯಾಕೆ ಬೇಕಿತ್ತು?

ಮಂಚದ ಕೆಳಗೆ ಮೇಷ್ಟ್ರ ಚಪ್ಪಲಿ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿದ್ದವು. ಕೋಣೆಗೆಂದೇ ಸಂಸ್ಥೆ ಕೊಟ್ಟ ಹೊಸ ರಬ್ಬರ್ ಚಪ್ಪಲಿ. ದೊಡ್ಡಮ್ಮ ಬಗ್ಗಿ, ಸೊಂಟ ಹಿಡಿದುಕೊಂಡೇ, ಒಂದನ್ನು ಎತ್ತಿ ಮಗುಚಿದರು. ಅಡಿಯ ಗೆರೆಗಳಲ್ಲಿ ಬಿಳಿಯ ಪುಡಿ ಕೂತಿತ್ತು. ಬೆರಳಲ್ಲಿ ಉಜ್ಜಿದರು.

ಸುಣ್ಣ.

ಇವತ್ತು ಬೆಳಿಗ್ಗೆ ಕಟ್ಟಡವನ್ನೆಲ್ಲ ಜಾಲಾಡುವಾಗ ಅವರು ತಾರಸಿಗೂ ಹತ್ತಿದ್ದರು. ಕಾವು ತಡೆಯಲು ಅಲ್ಲಿ ದಪ್ಪಗೆ ಸುಣ್ಣ ಬಳಿದಿದ್ದರು. ಇಳಿದು ಬಂದ ಮೇಲೆ ತಮ್ಮ ಚಪ್ಪಲಿಯನ್ನು ಒರೆಸಿ ಒರೆಸಿ ಸಾಕಾಗಿತ್ತು.

"ಮೇಷ್ಟ್ರೇ, ನೀವು ತಾರಸಿ ಹತ್ತಿದ್ದು ಯಾವಾಗ?"

ಮೇಷ್ಟ್ರು ತಮ್ಮ ಬರಿಗಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡರು. ಕಿರಿಯ ಡಾಕ್ಟರ್ ಬಾಯಿ ತೆರೆದವನು ಹಾಗೇ ನಿಂತ.

"ಹೊರಗೆ... ಇವರು ಹೊರಗೆ ಹೋಗಿದ್ರಾ?"

"ನೀವು ಸುಮ್ನಿರಿ. ಮೇಷ್ಟ್ರೇ, ನಿಮ್ಮನ್ನೇ ಕೇಳ್ತಿರೋದು."

ಮುದುಕರು ಮಾತಾಡಿದಾಗ ಅವರ ದನಿಯಲ್ಲಿ ಕಳ್ಳತನವಿರಲಿಲ್ಲ, ದಣಿವಿತ್ತು.

"ಬಿಸಿಲು ಇಳಿಯೋದನ್ನ ಒಂದು ಸಲ ನೋಡಬೇಕು ಅನಿಸಿತ್ತು ತಾಯಿ. ಮೊದಮೊದಲು ಇದು ಆಟದ ಹಾಗಿತ್ತು. ಆಮೇಲೆ ಆಮೇಲೆ... ನೀವು ಬಂದು ಇಷ್ಟು ಹೊತ್ತಾಯ್ತಲ್ಲ, ನಿಮಗೆ ಎದೆ ಒತ್ತುತ್ತಿಲ್ವಾ? ಸೆರಗು ಎಷ್ಟು ಸಲ ಸಡಿಲಿಸಿಕೊಂಡ್ರಿ? ನನಗೆ ಎಷ್ಟೋ ದಿನದಿಂದ ಹಾಗೇ. ಎದ್ದಾಗ ಇದು ನಿನ್ನೆಯೋ ನಾಳೆಯೋ ಅಂತ ಗೊತ್ತಾಗ್ತಿರಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳೋ ಹಾಗೆ ಆಯ್ತು. ಪುಟ್ಟಿ ಹತ್ತಿರ ಅತ್ತುಬಿಟ್ಟೆ."

"ಬಿಟ್ಟು ಹೋಗ್ತೀನಿ ಅಂದಿದ್ದರೆ ಕಳಿಸ್ತಿದ್ವಲ್ಲ!" ಎಂದ ಕಿರಿಯ ಡಾಕ್ಟರ್.

"ಬಿಟ್ಟು ಹೋದರೆ ನಿಮ್ಮ ಕೆಲಸ ಕೆಡುತ್ತೆ ಅಂತ ಹಿರಿಯರು ಮುಖ ಕಿವುಚಿದ್ರು. ನಲವತ್ತು ವರ್ಷ ಮಕ್ಕಳಿಗೆ ಅರ್ಧಕ್ಕೆ ಬಿಡಬೇಡಿ ಅಂತ ಹೇಳಿದವನು ನಾನು. ನಾಚಿಕೆ ಆಯ್ತು." ಅವರು ತೋಳು ಉಜ್ಜಿಕೊಂಡರು. "ಸಂಜೆ ಸೂಜಿ ಇದ್ದರೆ ಆಮೇಲೆ ನಳಿಕೆ ಹಾಕಿಕೊಂಡು ಮಲಗಲೇಬೇಕು. ಅದಕ್ಕೆ ಪುಟ್ಟಿ ಆವತ್ತು ಬೆಳಿಗ್ಗೇನೇ ಎಲ್ಲ ಮುಗಿಸಿದಳು. ಸಂಜೆ ಜನ ಮನೆಗೆ ಹೋದಮೇಲೆ ಬಾಗಿಲು ತೆಗೆದಳು. ಇಬ್ಬರೂ ತಾರಸಿಗ್ಹೋದ್ವಿ. ಪಾಪದ ಹುಡುಗಿ. ನಾನು ನೋಡ್ತಾ ನಿಂತಿದ್ದರೆ ಅವಳು ನನ್ನನ್ನೇ ನೋಡಿ ನಗ್ತಿದ್ದಳು."

ಆ ನಗು ದೊಡ್ಡಮ್ಮನಿಗೆ ಗೊತ್ತಿತ್ತು. ಬೀದಿಯಲ್ಲಿ ಬಿದ್ದಿದ್ದ ನಾಯಿಮರಿಯನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದಾಗಲೂ ಅದೇ ನಗು ಇತ್ತು. ಕರುಣೆ ಉಕ್ಕಿದರೆ ಅವಳಿಗೆ ಕಟ್ಟಳೆ ಗಿಟ್ಟಳೆ ಯಾವುದೂ ಕಾಣುತ್ತಿರಲಿಲ್ಲ. ಇನ್ನೊಂದು ಕಟ್ಟಳೆ ಮುರಿದರೆ ಮನೆಗೆ ಕಳಿಸುತ್ತೇನೆ ಎಂದು ಹಿರಿಯ ಡಾಕ್ಟರು ಎಲ್ಲರ ಮುಂದೆ ಅವಳನ್ನು ಗದರಿಸಿ ಇನ್ನೂ ವಾರವಾಗಿರಲಿಲ್ಲ.

"ಇಳಿದು ಬರುವಾಗ?" ದೊಡ್ಡಮ್ಮನ ದನಿ ಅವರಿಗೇ ದೂರದಿಂದ ಕೇಳಿಸಿತು.

"ಮೆಟ್ಟಿಲು ಇಳಿದ ತಕ್ಷಣ ಶೀತಲ ಕೋಣೆ. ಬಾಗಿಲು ತೆರೆದಿತ್ತು. ಹಿರಿಯರು ಒಳಗೆ ಏನೋ ಎತ್ತಿಡ್ತಿದ್ದರು, ಬೆನ್ನು ನಮ್ಮ ಕಡೆ. ನಾವು ಅದರ ಮುಂದೆಯೇ ಹಾದು ಬರಬೇಕು. ನನ್ನ ಚಪ್ಪಲಿ ಚರಕ್ ಅಂತು. 'ಯಾರದು?' ಅಂದರು. ಇನ್ನೇನು ತಿರುಗಬೇಕು."

ಮೇಷ್ಟ್ರು ಮುಚ್ಚಿದ್ದ ಬಾಗಿಲ ಕಡೆ ನೋಡಿದರು.

"ತಿರುಗಲಿಲ್ಲ ತಾಯಿ. ಅಷ್ಟರಲ್ಲಿ ಬಾಗಿಲು ಮುಚ್ಚಿತು."

"ತಾನಾಗಿ ಮುಚ್ಚಿತಾ?"

"ಚಿಲಕ ತಾನಾಗಿ ಬೀಳುತ್ತಾ?"

ಕಿರಿಯ ಡಾಕ್ಟರ್ ಗೋಡೆಗೆ ಒರಗಿದ. ದೊಡ್ಡಮ್ಮ ಚಪ್ಪಲಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

"ಹಾಕಿದ್ದು ಯಾರು ಮೇಷ್ಟ್ರೇ?"

"ನಾನಲ್ಲ." ಮುದುಕರ ಕಣ್ಣಲ್ಲಿ ನೀರು ತುಂಬಿತು. "'ನಿಮ್ಮನ್ನ ಒಳಗೆ ಬಿಟ್ಟು ಹೋಗಿ ತೆಗೀತೀನಿ, ಗಾಳಿಗೆ ಮುಚ್ಚಿಕೊಳ್ತು ಅಂತೀನಿ, ಅವರಿಗೆ ಗೊತ್ತಾಗಲ್ಲ' ಅಂದಳು. ನನ್ನ ಕೈ ಹಿಡಿದು ಓಡಿಸಿಕೊಂಡು ಬಂದಳು. ನನ್ನನ್ನ ಇಲ್ಲಿ ಬಿಟ್ಟಳು, ಬಾಗಿಲು ಹಾಕಿಕೊಂಡಳು. ಆಮೇಲೆ ಹೋದಳೋ ಇಲ್ಲವೋ, ಚಿಲಕ ತೆಗೆದಳೋ ಇಲ್ಲವೋ ನನಗೇನು ಗೊತ್ತು ತಾಯಿ? ನಾನು ಇದರೊಳಗಿದ್ದೆ."

ಸುಳ್ಳಿರಬಹುದು. ಈ ಮುದುಕ ತಾನು ಹಾಕಿದ ಚಿಲಕವನ್ನು ಹುಡುಗಿಯ ಕೈಗೆ ಅಂಟಿಸುತ್ತಿರಬಹುದು. ಚಾರ್ಜರ್ ನೆಪದಲ್ಲಿ ವಾಪಸು ಬಂದ ಈ ಹುಡುಗ ತೆಗೆದ ಚಿಲಕವನ್ನು ಮತ್ತೆ ಹಾಕಿರಬಹುದು. ಎಷ್ಟು ದಾರಿಗಳಿವೆ! ದೊಡ್ಡಮ್ಮ ಒಂದೊಂದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಲು ನೋಡಿದರು. ಅವಳ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು.

ಅವರು ಬೆಲ್ಲಿನ ಮೇಲೆ ಬೆರಳಿಟ್ಟು, ಸ್ಪೀಕರಿಗೆ ಮುಖ ಹತ್ತಿರ ತಂದರು.

"ಪುಟ್ಟಿ, ಕೇಳಿಸ್ತಿದೆಯಾ ಮಗಳೇ? ಮೇಷ್ಟ್ರು ಏನೇನೋ ಹೇಳ್ತಿದ್ದಾರೆ. ಇಲ್ಲ ಅನ್ನು. ಹೋಗಿ ತೆಗೆದಿದ್ದೆ ಅನ್ನು. ಅಷ್ಟು ಅಂದುಬಿಡು, ಮಿಕ್ಕಿದ್ದು ನಾನು ನೋಡಿಕೊಳ್ತೀನಿ."

ಆಚೆಯಿಂದ ಉಸಿರು ಕೇಳಿಸಿತು. ಅಳುತ್ತಿರುವ ಉಸಿರಲ್ಲ, ಅತ್ತು ಮುಗಿದ ಉಸಿರು.

"ದೊಡ್ಡಮ್ಮ" ಎಂದಳು ಪುಟ್ಟಿ. "ಸಂಜೆ ಆಯ್ತು. ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿ ಬರ್ತಿದ್ದಾರೆ. ಬಾಗಿಲು ತೆಗೀಲಾ, ಬೇಡ್ವಾ? ನೀನು ಹೇಗೆ ಹೇಳ್ತೀಯೋ ಹಾಗೆ ಮಾಡ್ತೀನಿ."

'ಹೋಗಿ ತೆಗೆದಿದ್ದೆ' ಎಂಬ ಮಾತು ಮಾತ್ರ ಬರಲೇ ಇಲ್ಲ. ದೊಡ್ಡಮ್ಮ ಬೆಲ್ ಒತ್ತದೆಯೇ ಅದರ ಮೇಲಿಂದ ಬೆರಳು ತೆಗೆದರು.